ಇನ್ನೊಮ್ಮೆ ಹೇಳು

ಬೈತಖೋಲ ಬಂದರಿನಲ್ಲಿ, ಐಸ್ ಕಾರ್ಖಾನೆಯ ಹಿಂದೆ
ನನ್ನ ಅಂಗಡಿ. ಬೋಟುಗಳ ವಯರ್‌ಲೆಸ್ ರಿಪೇರಿ.
ಉಪ್ಪು ತಿಂದ ಮೈಕು, ಇರುವೆ ಹೊಕ್ಕ ಸ್ಪೀಕರು,
ಬಂಗಡೆ ವಾಸನೆ ಬಿಡದ ಬ್ಯಾಟರಿ.
ಮೂಲೆಯಲ್ಲೊಂದು ಹಳೇ ರಿಸೀವರು,
ಗುಜರಿಯಲ್ಲಿ ತೂಕಕ್ಕೆ ಕೊಂಡದ್ದು.
ಕೇಳುವುದಷ್ಟೇ ಬರುತ್ತದೆ ಅದಕ್ಕೆ.

ರಾತ್ರಿ ಷಟರು ಅರ್ಧ ಎಳೆದು ಹಚ್ಚಿದರೆ
ಮೊದಲು ಬರೀ ಮರಳು ಹುರಿಯುವ ಸದ್ದು,
ಆಮೇಲೆ ಆ ಮರಳಲ್ಲಿ ಕಡಲೆ ಸಿಡಿದಂತೆ
ಒಂದು ದನಿ:
ಮುಂಬೈ, ಮುಂಬೈ, ಕೇಳಿಸುತ್ತಿದೆಯೇ?

ಆಫ್ರಿಕದ ಕಡೆಯಿಂದ ಬರುವ ವಿಮಾನ.
ಮುನ್ನೂರು ಜನ ಕಂಬಳಿ ಹೊದ್ದು ಮಲಗಿದ್ದಾರೆ.
ಅವರೆಲ್ಲರ ಪರವಾಗಿ ಎದ್ದಿರುವ ಒಬ್ಬ
ತಾನು ಎಲ್ಲಿದ್ದೇನೆಂದು ಹೇಳಲು
ಒಂದು ಕಿವಿ ಹುಡುಕುತ್ತಿದ್ದಾನೆ.

ಅಷ್ಟು ನಡುನೀರಿಗೆ ರಾಡಾರಿನ ಕಣ್ಣು ಹಾಯುವುದಿಲ್ಲ.
ಮಾತು ಮೇಲೆ ಹೋಗಿ, ಕಾಣದ ಮಾಡಿಗೆ ಬಡಿದು
ಕೆಳಗೆ ಬೀಳಬೇಕು. ಬಿದ್ದಲ್ಲಿ ಮಾತ್ರ ಕೇಳಿಸೀತು.
ಹಗಲಿಗೆ ಒಗ್ಗಿದ ತರಂಗ ಇರುಳಿಗೆ ಒಗ್ಗದು.
ಹತ್ತಿರದವನ ತಲೆಯ ಮೇಲಿಂದ ಹಾರಿ
ದೂರದವನ ಅಂಗಳಕ್ಕೆ ಬೀಳುವುದೂ ಉಂಟು.

ಕಾರ್ತಿಕದ ಒಂದು ರಾತ್ರಿ
ವಿಮಾನ ಕರೆಯಿತು: ಉತ್ತರಿಸಿ.
ಮುಂಬೈ ಕರೆಯಿತು: ಉತ್ತರಿಸಿ.
ಇವನಿಗೆ ಅದು ಕೇಳದು, ಅದಕ್ಕೆ ಇವನು ಕೇಳ.
ನನಗೆ ಇಬ್ಬರೂ ಕೇಳುತ್ತಿದ್ದರು,
ಗೋಡೆಯಾಚೆ ಜಗಳವಾಡುವವರಷ್ಟು ಸ್ಪಷ್ಟ.
ಅಯ್ಯೋ ಮಾರಾಯಾ, ಅವನು ಅಲ್ಲೇ ಇದ್ದಾನೆ,
ಕರೆಯುತ್ತಲೇ ಇದ್ದಾನೆ, ಎಂದೆ
ಜೋರಾಗಿ, ಸ್ಪೀಕರಿಗೆ.
ಹೊರಗೆ ನಾಯಿ ಎದ್ದು ನೋಡಿತು.

ನಡುವೆ ಕೂರುವುದು ನನಗೆ ಹೊಸದಲ್ಲ.
ಆರು ವರ್ಷದಿಂದ ಅಪ್ಪನಿಗೂ ಅಣ್ಣನಿಗೂ ಮಾತಿಲ್ಲ.
ಅಪ್ಪ ರಂಪಣಿಯ ಕಾಲದವನು,
ಇಡೀ ಕೇರಿಯ ಜೊತೆ ಒಂದೇ ಹಗ್ಗ ಎಳೆದ ಮೈ.
ಪುರಂದರಣ್ಣ ಪರ್ಶಿನ್ ಬೋಟು ತಂದ, ಲೈಟು ಕಟ್ಟಿದ,
ನಡುಗಡಲಲ್ಲಿ ಸುಳ್ಳು ಹುಣ್ಣಿಮೆ ಮಾಡಿ
ಮರಿಗಳನ್ನೂ ಬಿಡದೆ ಬಾಚಿದ.
"ಅಪ್ಪನಿಗೆ ಹೇಳು, ಗುಳಿಗೆ ತಂದಿಟ್ಟಿದ್ದೇನೆ."
"ಅವನಿಗೆ ಹೇಳು, ಕಳ್ಳಬೆಳಕಿನ ದುಡ್ಡಿನ ಗುಳಿಗೆ ನನಗೆ ಬೇಡ."
ನಾನು ಹೇಳುವಾಗ:
ಅಪ್ಪನಿಗೆ ಈ ಗುಳಿಗೆ ಸೇರುವುದಿಲ್ಲವಂತೆ.
ಮುಳ್ಳು ತೆಗೆದು ಬಡಿಸುವುದು
ಮೀನಿನ ಮನೆಯಲ್ಲಿ ಹುಟ್ಟಿದವನಿಗೆ ರೂಢಿ.

ಅಷ್ಟರಲ್ಲಿ ಮೂರನೆಯ ದನಿ, ಹೆಂಗಸಿನದು,
ತೆಂಕಣದಲ್ಲೆಲ್ಲೋ ಹಾರುತ್ತಿದ್ದ ಬೇರೆ ವಿಮಾನದಿಂದ:
ಮುಂಬೈ, ಅವರು ನನಗೆ ಕೇಳುತ್ತಿದ್ದಾರೆ, ದಾಟಿಸಲೇ?
ಎತ್ತರ, ಹೊತ್ತು, ದಾಟಿದ ಬಿಂದು, ಉಳಿದ ಇಂಧನ,
ಒಂದೊಂದು ಅಂಕಿ ಬಿಡಿಬಿಡಿಯಾಗಿ,
ಬುಟ್ಟಿಗೆ ಮೀನು ಎಣಿಸಿ ಹಾಕುವ ಹಾಗೆ.
ಮುಂಬೈ ತಿರುಗಿ ಒಪ್ಪಿಸಿತು.
ಅದನ್ನು ಅವಳು ಅವನಿಗೆ ಒಪ್ಪಿಸಿದಳು.
ತನ್ನದೊಂದು ಮಾತು ಸೇರಿಸಲಿಲ್ಲ,
ಒಂದು ಸೊನ್ನೆ ಕಳೆಯಲಿಲ್ಲ.
ಶುಭರಾತ್ರಿ ಎಂದಳು, ಹೋದಳು.

ದೇವಗಡದ ದೀಪ ಸುತ್ತುತ್ತಿತ್ತು.
ಸುಮಾರು ಹೊತ್ತು ಗುಂಡಿಯ ಮೇಲೆ ಕೈಯಿಟ್ಟು ಕೂತಿದ್ದೆ,
ಇಷ್ಟು ವರ್ಷ ನಾನು ತೆಗೆದಿಟ್ಟ ಮುಳ್ಳುಗಳನ್ನು
ಎಣಿಸಿ ಮುಗಿಯದೆಂದು ಗೊತ್ತಿದ್ದೂ
ಎಣಿಸುತ್ತ.

ಬೆಳಿಗ್ಗೆ ಅಪ್ಪ ಜಗಲಿಯಲ್ಲಿ ಬಲೆ ಹೊಲಿಯುತ್ತ, ತಲೆಯೆತ್ತದೆ:
"ಅವನಿಗೆ ಹೇಳು, ನಾನು ಸತ್ತರೆ
ಆ ಬೋಟಿನ ದುಡ್ಡಿನಲ್ಲಿ ಕಟ್ಟಿಗೆ ತರುವುದು ಬೇಡ.
ಮತ್ತೆ, ಗಾಳಿ ತಿರುಗಿದೆ,
ಇವತ್ತು ಕೂರ್ಮಗಡ ದಾಟಬಾರದಂತೆ, ಅದನ್ನೂ ಹೇಳು."

ಒಳಗೆ ಹೋಗಿ ಹೇಳಿದೆ.
ಕಟ್ಟಿಗೆಯನ್ನೂ ಗಾಳಿಯನ್ನೂ,
ಇದ್ದದ್ದು ಇದ್ದ ಹಾಗೆ.
ಪುರಂದರಣ್ಣನ ಕೈಯ ಗಂಜಿ ಬಟ್ಟಲು ಅಲ್ಲೇ ನಿಂತಿತು.
"ಇನ್ನೊಮ್ಮೆ ಹೇಳು" ಎಂದ.
ಹೇಳಲು ಬಾಯಿ ತೆರೆದೆ.

"ನೀನಲ್ಲ," ಎಂದ,
ಜಗಲಿಯ ಕಡೆ ನೋಡುತ್ತ.