ಎರಡು ನಿಮಿಷ ಒಂಬತ್ತು ಸೆಕೆಂಡು

ಡೊರೀನ್ ಮಿಸ್ ಹೇಳಿದ್ದು ಇಷ್ಟೇ:
ಸಿನಿಮಾ ಬೇಡ, ಸಿನಿಮಾದ ಆರಂಭ ಸಾಕು.
ಎರಡು ನಿಮಿಷ. ಹೆಸರುಗಳು ಅದರೊಳಗೇ ಬರಬೇಕು.
ಕಥೆ ಮುಗಿಸಿದವರಿಗೆ ಅಂಕ ಕಡಿತ.

ಮುಗಿಸುವುದು ನಮಗೂ ಗೊತ್ತಿರಲಿಲ್ಲ.
ಹದಿನೇಳರ ಮೂವರು,
ಸುಮಯ್ಯಾಳ ಅಣ್ಣನ ಕ್ಯಾಮೆರಾ,
ಗುದೈಬಿಯಾದ ನಮ್ಮ ಹಳೇ ಕಟ್ಟಡ,
ಮೂರು ತಿಂಗಳಿಂದ ಖಾಲಿ ಬಿದ್ದ ಹದಿನಾಲ್ಕನೇ ಫ್ಲ್ಯಾಟು,
ಅದರ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ
ವಾಚ್‌ಮನ್ ಬಚ್ಚಣ್ಣ, ಮರವಂತೆಯವರು.

ಕೀಲಿ ಕೇಳಲು ಹೋಗಿ ನಾಯಕನನ್ನೇ ಕರೆತಂದೆವು.

ರಾತ್ರಿ. ಒಬ್ಬ ಮೆಟ್ಟಿಲು ಹತ್ತುತ್ತಾನೆ.
ಕೈಯಲ್ಲಿ ಬಿಸಿ ಖುಬ್ಬೂಸಿನ ಪೊಟ್ಟಣ.
ಬಾಗಿಲು ಅರೆ ತೆರೆದಿದೆ. ಒಳಗೆ ಫೋನು ಹೊಡೆದುಕೊಳ್ಳುತ್ತಿದೆ.
ಅವನು ಕೈ ಚಾಚುತ್ತಾನೆ.
ಕಪ್ಪು. ಹೆಸರು.

ಏಸಿಯಿಂದ ಹೊರಗೆ ತಂದದ್ದೇ ತಡ
ಕ್ಯಾಮೆರಾದ ಕಣ್ಣಿಗೆ ಮಂಜು ಕವಿಯಿತು.
ಒರೆಸಿದೆವು. ಮತ್ತೆ ಕವಿಯಿತು.
ಹೊರಗೆ ಸೆಪ್ಟೆಂಬರ್,
ಕಡಲು ಎದ್ದು ಬಂದು ಗಾಳಿಯಲ್ಲೇ ನಿಂತಿತ್ತು.
ಹತ್ತು ನಿಮಿಷ ಕಾಯಬೇಕು ಅಂದ ರೂಬೆನ್.
ಕಾದು ಮುಗಿಯುವಷ್ಟರಲ್ಲಿ ಇಶಾದ ಬಾಂಗು,
ಬಾಂಗು ಮುಗಿದರೆ ಮೂರನೇ ಮಹಡಿಯಲ್ಲಿ ಮೀನು ಹುರಿಯುವ ಸದ್ದು,
ಅದೂ ನಿಂತರೆ ಲಿಫ್ಟಿನೊಳಗಿನ ಹೆಂಗಸು
ಅರಬ್ಬಿಯಲ್ಲಿ ಮಹಡಿ ಎಣಿಸಿದಳು.

ಟೇಕಿಗೊಂದಿಷ್ಟು ಖುಬ್ಬೂಸು ಕರಗುತ್ತಿತ್ತು.
ರೂಬೆನ್ ತಿನ್ನುತ್ತಿದ್ದ.
ಏಳನೆಯದಕ್ಕೆ ಪೊಟ್ಟಣದೊಳಗೆ
ಗಣಿತದ ನೋಟುಪುಸ್ತಕ ತುರುಕಿದೆವು.

"ಒಳ್ಗ್ ಯಾರಿದ್ರ್?" ಕೇಳಿದರು ಬಚ್ಚಣ್ಣ.
ಗೊತ್ತಿಲ್ಲ ಅಂದೆ.
"ಫೋನ್ ಯಾರದ್ದ್?"
ಅದೂ ಗೊತ್ತಿಲ್ಲ. ಗೊತ್ತಾಗಬಾರದು. ಅದೇ ಥ್ರಿಲ್ಲರು.
ಗೋಡೆಗೆ ಒರಗಿ ಬೆವರೊರೆಸಿಕೊಂಡರು:
"ಹಂಗಾರೆ ನಾನ್ ಎಂತಾ ಮುಖ ಹಾಕ್ಕಂಡ್ ನಿಲ್ಕ್, ಮಾರಾಯ್ತಿ?
ಬಾಡ್ಗಿ ಕೇಂಬು ಮುಖ ಬೇರೆ,
ಗ್ಯಾಸ್ ಸಿಲಿಂಡರ್ ಕೊಡು ಮುಖ ಬೇರೆ.
ಸತ್ತ ಸುದ್ದಿ ಹೇಳುಕ್ ಹೋಪು ಮುಖ,
ಅದೊಂದ್ ಸಲ ಹಾಕ್ಕಂಡಿದ್ದೆ, ಒಂಬತ್ತನೇ ಮನೆಗ್."

ಸುಮಯ್ಯಾ ಬ್ಯಾಟರಿ ನೋಡತೊಡಗಿದಳು.
ಭಯ, ಅಂದೆ ನಾನು, ನಿರ್ದೇಶಕಿ.
ಸುಮ್ಮನೆ ಭಯಪಡಿ.

ಹನ್ನೆರಡನೇ ಟೇಕು.
ಹತ್ತಿದರು. ನಿಂತರು. ಒಳಗೆ ಫೋನು.
ಭಯಪಡಲಿಲ್ಲ.
ಚಪ್ಪಲಿ ಬಿಟ್ಟರು.
ಯಾರೂ ಹೇಳಿರಲಿಲ್ಲ.
ಒಂದು ನೆಟ್ಟಗೆ ಬಿತ್ತು, ಇನ್ನೊಂದು ಮಗುಚಿತು;
ಮಗುಚಿದ್ದನ್ನು ಹೆಬ್ಬೆರಳಿಂದ ತಿರುಗಿಸಿ
ಜೋಡಿಗೆ ಸೇರಿಸಿ
ಆಮೇಲೆ ಕೈ ಚಾಚಿದರು.

ಕಟ್ ಅನ್ನಲು ಮರೆತೆ.

"ಚಪ್ಪಲಿ ತೆಗಿ, ಒಂಬತ್ತು ಸೆಕೆಂಡು ಜಾಸ್ತಿ,"
ಎಡಿಟಿಂಗಿನಲ್ಲಿ ಸುಮಯ್ಯಾ.
ತೆಗೆದೆ. ನೋಡಿದೆ.
ಯಾವನೋ ಒಬ್ಬ ಯಾವುದೋ ಬಾಗಿಲಿಗೆ ಕೈ ಹಾಕುತ್ತಿದ್ದ.
ಮತ್ತೆ ಸೇರಿಸಿದೆ.
ಅವಳು ಮುನಿಸಿಕೊಂಡು ಚಾ ತರಲು ಹೋದಳು.

ಮಂಜನ್ನೂ ಇಟ್ಟುಕೊಂಡೆವು, ಮೊಟ್ಟಮೊದಲಿಗೆ:
ಏನೂ ಇಲ್ಲದ ಬಿಳಿಯಿಂದ
ಒಂದು ಮೆಟ್ಟಿಲು, ತಡೆದು ಇನ್ನೊಂದು.
ಬೇಕಿದ್ದದ್ದು ಎಂಟು ಹೆಸರು;
ರೂಬೆನ್ ಸಂಗೀತವೂ ಆದ, ವಸ್ತ್ರವಿನ್ಯಾಸವೂ ಆದ.
ಐಡಿ ಕಾರ್ಡಿನ ಪ್ರಕಾರ ಬಚ್ಚಣ್ಣ ಭಾಸ್ಕರ ಮೊಗವೀರ.
"ಅದ್ ಯಾರ್?" ಅಂದರು, ಅವರೇ.

ಕೆಂಪು ಶಾಯಿಯಲ್ಲಿ ಬಂತು:
ಅವಧಿ ಮೀರಿದೆ. ಚಪ್ಪಲಿ ಯಾಕೆ?

ನೀರಿನ ಕೂಲರಿನ ಪಕ್ಕ ಮೊಬೈಲಿನಲ್ಲಿ ತೋರಿಸಿದೆ.
ಕಪ್ಪಾದ ಮೇಲೂ ನೋಡುತ್ತಲೇ ಇದ್ದರು.
"ಮುಂದ್?"
ಇಷ್ಟೇ.
"ಹೌದಾ," ಅಂದು ಮೊಬೈಲು ಮರಳಿಸಿದರು
ಎರಡೂ ಕೈಯಲ್ಲಿ, ತುಂಬಿದ ಲೋಟದ ಹಾಗೆ.

ಮೊನ್ನೆ ಹದಿನಾಲ್ಕಕ್ಕೆ ಬಾಡಿಗೆಯವರು ಬಂದರು,
ಗಂಡ, ಹೆಂಡತಿ, ಅಳುವ ಕೂಸು, ಸುತ್ತಿದ ಹಾಸಿಗೆ.
ಕೀಲಿ ಕೊಡಲು ಹತ್ತಿದ ಬಚ್ಚಣ್ಣ
ಬಾಗಿಲ ಬಳಿ ನನ್ನನ್ನು ಕಂಡು ನಿಂತರು.
ಒಂದು ಕಾಲಿನ ಚಪ್ಪಲಿ ಅರ್ಧ ಬಿಟ್ಟು,
ತಿರುಗಿ:
"ಹೇಳ್ ಮತ್ತೆ, ಆಕ್ಷನ್."