ಹನ್ನೊಂದು

ಒತಾರು ಊರಿನ ಬಾಯಿಗಳೆಲ್ಲ ನನಗೆ ಗೊತ್ತು.
ನಲವತ್ತೊಂದು ವರ್ಷ ಹಲ್ಲು ಕಟ್ಟಿದವನು ನಾನು.
ಮೀನು ಹರಾಜಿನ ಮೊರಿಯಾಗೆ ಎರಡೂ ಸಾಲು,
ಅಂಚೆ ಕಚೇರಿಯ ಹೆಂಗಸಿಗೆ ಮುಂದಿನವು ನಾಲ್ಕು.
ನನ್ನವೂ ನಾನೇ ಕಟ್ಟಿದ್ದು; ರಾತ್ರಿ ಲೋಟದ ನೀರಲ್ಲಿ
ಯಾರಿಗೂ ಅಲ್ಲದ ನಗು ನಗುತ್ತಿರುತ್ತವೆ.

ಗೊಂತನ ಬಾಯಿ ಮಾತ್ರ ನೋಡಿರಲಿಲ್ಲ.

ಮೊದಲು ಬಂದದ್ದು ವಾಸನೆ.
ಮುದಿ ನಾಯಿ, ನಾರದೆ ಇನ್ನೇನು ಎಂದು
ಕಿಟಕಿ ತೆರೆದೆ. ಅಷ್ಟೇ ಮಾಡಿದ್ದು.
ಆಮೇಲೆ ತಲೆ ವಾರೆ ಮಾಡಿ ಒಂದೇ ದವಡೆಯಲ್ಲಿ ಅಗಿದ,
ಬಟ್ಟಲಿನ ತನಕ ಬಂದು, ಬಟ್ಟಲನ್ನು ನೋಡಿ,
ಏನೋ ಮರೆತವನ ಹಾಗೆ ಹಿಂದಿರುಗಿದ.
ಹಠ, ಅಂದೆ. ವಯಸ್ಸು, ಅಂದೆ.
ಎಡಗಣ್ಣಿನ ಕೆಳಗೆ ಗೋಲಿಯಷ್ಟು ಊದಿದ ದಿನ
ತುಟಿ ಎತ್ತಿದೆ.

ಹಡಗಿನ ತಳಕ್ಕೆ ಕಚ್ಚಿದ ಚಿಪ್ಪಿನಂತೆ ಕಂದು ಗಾರೆ.
ಒಸಡು ಹಿಂಜರಿದು ಬೇರು ಬೆತ್ತಲು.
ಬೇರೆಯವರ ಮನೆಯ ನಾಯಿಯಾಗಿದ್ದರೆ
ಆ ಮನೆಯವರನ್ನು ಬೈಯುತ್ತಿದ್ದೆ.

ಡಾಕ್ಟರ್ ಸುಗಾವಾರಾ ಅವನೆದೆಗೆ ಕೊಳವೆಯಿಟ್ಟು
ಬಹಳ ಹೊತ್ತು ಸುಮ್ಮನಿದ್ದಳು.
"ಗುಂಡಿಗೆಯಲ್ಲಿ ಸಣ್ಣ ಸಪ್ಪಳ.
ಮಂಪರು ಕೊಡಬಲ್ಲೆ, ಮಾತು ಕೊಡಲಾರೆ."
ಹಾಗೇ ಬಿಟ್ಟರೆ?
"ನೋವು ತಿನ್ನುತ್ತಾನೆ. ತಿನ್ನಲು ಅದೊಂದೇ ಉಳಿಯುತ್ತದೆ."

ಮೂರು ಗಂಟೆ ಬೆಂಚಿನ ಮೇಲೆ.
ಕಟ್ಟಿದ ಹಲ್ಲೂ ನೋಯಬಲ್ಲದೆಂದು ಅವತ್ತು ಗೊತ್ತಾಯಿತು.

ಹನ್ನೊಂದು. ಕಾಗದದ ಲಕೋಟೆಯಲ್ಲಿ ಹಾಕಿಕೊಟ್ಟಳು.

ಈಗ ಅವನಿಗೆ ಗಂಜಿ, ಮುಳ್ಳು ಆರಿಸಿದ ಸಾಲ್ಮನ್,
ಬೆರಳಿಟ್ಟು ನೋಡಿದ ಬಿಸಿ.
ಉಳಿದ ಹಲ್ಲುಗಳಿಗೆ ರಾತ್ರಿ ನನ್ನ ಬೆರಳು,
ಬೆರಳಿಗೆ ಸುತ್ತಿದ ಒದ್ದೆ ಬಟ್ಟೆ, ಕೋಳಿ ರುಚಿಯ ಪೇಸ್ಟು.
ಮೊದಲ ವಾರ ಗುರ್ರೆಂದ. ಆಮೇಲೆ ನಿಟ್ಟುಸಿರು.
ಈಗೀಗ ತಾನೇ ತುಟಿ ಸಡಿಲಿಸುತ್ತಾನೆ,
ತೆರಿಗೆ ಕಟ್ಟಲು ಬಂದವನ ಮುಖ ಮಾಡಿ.
ತಡೆಯಲು ಕೋರೆ ಇಲ್ಲದ ನಾಲಗೆ
ಎಡಗಡೆಯಿಂದ ಹೊರಗೆ ಇಣುಕುತ್ತದೆ.
ಬಟ್ಟಲು ಮಾತ್ರ ಮಿರಮಿರ.

ಚಿಕ್ಕವನಿದ್ದಾಗ ಅಮ್ಮ ಹೇಳುತ್ತಿದ್ದಳು:
ಕೆಳಗಿನ ಹಲ್ಲು ಬಿದ್ದರೆ ಮಾಡಿಗೆ ಎಸೆ,
ಮೇಲಿನದಾದರೆ ಜಗಲಿಯಡಿಗೆ;
ಹೊಸದು ಅದೇ ದಿಕ್ಕಿಗೆ ನೆಟ್ಟಗೆ ಬರುತ್ತದೆ.

ನಿನ್ನೆ ಲಕೋಟೆ ಬಿಡಿಸಿದೆ.
ಯಾವುದು ಮೇಲಿನದು, ಯಾವುದು ಕೆಳಗಿನದು,
ಈ ಕೈಗೆ ಯಾರೂ ಹೇಳಿಕೊಡಬೇಕಿಲ್ಲ.
ಐದು ಮಾಡಿಗೆ; ಹಿಮ ಸದ್ದಿಲ್ಲದೆ ನುಂಗಿತು.
ಆರು ಜಗಲಿಯಡಿಗೆ.
ಪಕ್ಕದ ಮನೆಯ ಚಿಯೊಕೊ ಕಿಟಕಿಯಲ್ಲಿ ನಿಂತು ನೋಡಿದಳು,
ಎಪ್ಪತ್ತಾರರ ಮುದುಕ ಏನು ಬಿತ್ತುತ್ತಿದ್ದಾನೆಂದು.

ಗೊಂತ ಬಾಲ ಬಡಿದ.
ಎಸೆದದ್ದನ್ನು ಹೆಕ್ಕಿ ತರಲು
ಜಗಲಿಯ ಕೆಳಗೆ ನುಸುಳಿದ.