ಮೂವತ್ತೊಂದಕ್ಕೆ ನಿಂತ ನೀರು

ಬೈತಖೋಲದ ತಾರಸಿಯ ಮೇಲೆ ಗಾಳಿ ತುಂಬಿದ ತೊಟ್ಟಿ,
ಬಲೆಗೆ ಬಿದ್ದೊಡನೆ ಉಬ್ಬಿಕೊಳ್ಳುವ ಮೀನಿನ ಹಾಗೆ.
ಸುಗಂಧಾ ಬಾನಾವಳಿಕರ ಸೆರಗಿಗೆ ಕೈ ಒರೆಸುತ್ತ
'ನಾಲ್ಕು ದಿನದಿಂದ ಹೀಗೇ' ಅಂದಳು.
'ಮೂವತ್ತೊಂದಕ್ಕೆ ಏರುತ್ತದೆ, ಅಲ್ಲಿಗೆ ನಿಂತಿತು.
ಹುಬ್ಬಳ್ಳಿಯವರು ಮೊಣಕಾಲು ಅದ್ದಿ ನೋಡಿ
ದುಡ್ಡು ವಾಪಸು ಕೇಳಿದರು.'

ಮೊದಲು ಪ್ಲಗ್ಗು. ಉಪ್ಪುಗಾಳಿಗೆ ಹಸಿರು ಹಿಡಿದ ಪಿನ್ನು,
ಉಜ್ಜಿದೆ. ಆಮೇಲೆ ಫಿಲ್ಟರು:
ಮರಳು, ಕೂದಲು, ಯಾರದೋ ಬಿಂದಿ,
ಕಿರುಬೆರಳ ಉಗುರಿನಷ್ಟು ಒಂದು ಚಿಪ್ಪು.
ಕೊಡವಿ, ತೊಳೆದು, ಮತ್ತೆ ಕೂರಿಸಿದೆ.
ಪಂಪು ಗೊರಗೊರ ಎಂದು ಗುಳ್ಳೆ ಬಿಟ್ಟಿತು.
ಈ ಯಂತ್ರಕ್ಕೊಂದು ಹಟ:
ನೀರು ಓಡುತ್ತಿದೆ ಎಂದು ಖಾತ್ರಿಯಾಗದೆ
ಕಾಯಿಲಿಗೆ ಕರೆಂಟು ಬಿಡುವುದಿಲ್ಲ.
ನನ್ನ ದೊಡ್ಡಪ್ಪನೂ ಹಾಗೇ ಇದ್ದ,
ಕೆಲಸ ಕಣ್ಣಿಗೆ ಕಂಡಮೇಲೆಯೇ ಕೂಲಿ.

ಇಪ್ಪತ್ತೊಂಬತ್ತು. ಮೂವತ್ತು.
ಮೀಟರು ಹಿಡಿದು ಕೂತೆ. ಅವಳು ಸೋಲ್‌ಕಡಿ ತಂದಿಟ್ಟಳು.
ಕಾಯಿಲು ಸರಿ. ಥರ್ಮೋಸ್ಟ್ಯಾಟು ಸರಿ.
ಕಡಲಗಾಳಿ ಶಾಖ ಕದಿಯದಂತೆ
ಮುಚ್ಚಳವನ್ನೂ ಹೊದೆಸಿದ್ದಾಯಿತು.
ಎಲ್ಲವೂ ಸರಿಯಿದ್ದಾಗಲೇ ನನಗೆ ನಾಚಿಕೆ,
ಸುಳ್ಳು ಹೇಳುವ ಹುಡುಗನ ಮುಂದೆ
ಬೆತ್ತವಿಲ್ಲದೆ ಕೂತ ಮೇಷ್ಟರ ಹಾಗೆ.

ಆರೂ ಮುಕ್ಕಾಲು. ಬೋಟುಗಳು ಒಳಬಂದವು.
ಗೋಡೆಯಾಚೆ ಐಸ್ ಫ್ಯಾಕ್ಟರಿ ಒಮ್ಮೆ ಕೆಮ್ಮಿ
ದಡದಡ ಶುರುವಾಯಿತು.
ಇನ್ನೂರ ಇಪ್ಪತ್ತು ತೋರಿಸುತ್ತಿದ್ದ ಮೀಟರು
ನೂರ ಎಪ್ಪತ್ತಕ್ಕೆ ಬಿತ್ತು.
ತೊಟ್ಟಿಯ ಕೆಂಪು ದೀಪ ಎರಡು ಸಲ ಮಿಟುಕಿ
ಕಣ್ಣು ಮುಚ್ಚಿತು.
ಮೂವತ್ತೊಂದು.

ನಗು ಬಂತು.
'ಬಾಯೀ, ನಿಮ್ಮ ತೊಟ್ಟಿಗೆ ರೋಗವಿಲ್ಲ.
ಒಂದೇ ಟಿಸಿಯ ಮಕ್ಕಳು ನೀವೂ ಅವರೂ.
ಅತ್ತ ನೀರು ಕಲ್ಲಾಗುವ ಹೊತ್ತಿಗೆ
ಇತ್ತ ಬಿಸಿಯಾಗಲು ಏನೂ ಉಳಿದಿರುವುದಿಲ್ಲ.
ಬಂಗಡೆಗೆ ಮೊದಲ ಪಂಕ್ತಿ.'

ಹೆಸ್ಕಾಂಗೆ ಅರ್ಜಿ ಬರೆದುಕೊಟ್ಟೆ, ಯಾವಾಗ ಓದುತ್ತಾರೋ.
ಅಲ್ಲಿಯತನಕ ರಾತ್ರಿ ಹನ್ನೊಂದರ ಮೇಲೆ ಹಚ್ಚಿ ಅಂದೆ,
ಗೋಡೆಯಾಚೆಯ ಸದ್ದು ನಿಂತಮೇಲೆ.
ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ.
ದುಡ್ಡು ನಾಳೆ, ಅಂದಳು.

ಬೆಳಿಗ್ಗೆ ಹೋದೆ, ದುಡ್ಡಿಗಲ್ಲ,
ಟೆಸ್ಟರು ಅಲ್ಲೇ ಬಿಟ್ಟಿದ್ದೆ.
(ದುಡ್ಡಿಗೂ.)
ಮುಚ್ಚಳ ಅರ್ಧ ಸರಿದಿತ್ತು, ಹಬೆ ಏಳುತ್ತಿತ್ತು, ಮೂವತ್ತೆಂಟು.
ಅತಿಥಿಗಳ್ಯಾರೂ ಇಲ್ಲ.
ಐಸಿನ ಸೋಮಾ ಹರಿಕಂತ್ರ, ಗೋಣಿಚೀಲ ಹೆಗಲ ಮೇಲೇ ಇದೆ,
ಮಂಡಿಯೂರಿ ಮೊಣಕೈವರೆಗೆ ಮುಳುಗಿಸಿ ಕೂತಿದ್ದ.
ನಸುಕಿನಿಂದ ಗಡ್ಡೆ ಎತ್ತಿದ ಬೆರಳು
ನೀರೊಳಗೆ ಬೆಳ್ಳಗೆ, ಯಾರದೋ ಬೆರಳಿನಂತೆ,
ನಿಧಾನ ಅವನದಾಗುತ್ತಿತ್ತು.
'ಊನ ಉದಾಕ' ಅಂದ, ನನಗಲ್ಲ, ನೀರಿಗೆ.

ಸುಗಂಧಾ ಒಳಗಿಂದ ಚಹಾ ಎಷ್ಟು ಎಂದು ಕೂಗಿ ಕೇಳಿದಳು.
ಮೂರು, ಅಂದೆ.
ಟೆಸ್ಟರು ಜೇಬಿಗೆ ಸಿಕ್ಕಿಸಿ
ನಾನೂ ಒಂದು ಕೈ ಅದ್ದಿದೆ,
ಪರೀಕ್ಷೆಗೆ ಅಂತ.